ಮಗುವಿಗೆ ಕನ್ನಡ ಅಕ್ಷರ: ಟಿವಿ ಹಾಕೋಣವಾ, ಗೊಂಬೆ ಹಿಡಿಯೋಣವಾ?

ಭಾನುವಾರ ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಕ್ಲಾಸ್ ಮುಗಿದು ಮಕ್ಕಳು ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ಅಕ್ಷರಕ್ಕೆ ಯಾವ ವಿಡಿಯೋ ಹಾಕ್ಲಿ?" ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ನಿಮ್ಮ ಕೈಯಲ್ಲಿರೋ ಆ ಗೊಂಬೆ ಎಲ್ಲಿ ಸಿಗುತ್ತೆ?" ಅದು ಅಂಗಡಿಯಲ್ಲಿ ಸಿಗಲ್ಲ. ನನ್ನ ಮಗನ ಹಳೇ ಸಾಕ್ಸ್‌ನಲ್ಲಿ ಹೊಲಿದದ್ದು. ಎರಡು ಪ್ರಶ್ನೆಗೂ ಬಾಗಿಲಲ್ಲಿ ನಿಂತು ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬೆಂಗಳೂರಿನ ಮಗು ಬಸ್ಸಿನ ಮೇಲೆ, ಅಂಗಡಿ ಬೋರ್ಡಿನ ಮೇಲೆ, ಹಾಲಿನ ಪ್ಯಾಕೆಟ್ಟಿನ ಮೇಲೆ ದಿನಾ ಕನ್ನಡ ನೋಡುತ್ತದೆ. ಯಾರೂ ಕಲಿಸದಿದ್ದರೂ ನಾಲ್ಕು ಅಕ್ಷರ ಕಣ್ಣಿಗೆ ಬಿದ್ದಿರುತ್ತವೆ. ಮುಂಬೈ, ಪುಣೆ, ಗೋವಾದ ಮಗುವಿಗೆ ಆ ಭಾಗ್ಯ ಇಲ್ಲ. ಬೀದಿಯಲ್ಲಿ ಕಾಣುವುದು ದೇವನಾಗರಿ ಮತ್ತು ಇಂಗ್ಲಿಷ್. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದು ಒಳ್ಳೆಯದೇ, ಇರುವ ಊರಿನ ಭಾಷೆ ಬರಲೇಬೇಕು. ಮುಂಬೈ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಆದರೆ ನನ್ನ ಕ್ಲಾಸಿಗೆ ಬರುವ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂನವರು. ಅರ್ಧ ಮನೆಗಳಲ್ಲಿ ಮಾತು ತುಳು. ಹೀಗಿರುವಾಗ ಕನ್ನಡ ಅಕ್ಷರ ಅವರಿಗೆ ಸಿಗುವುದು ಮನೆಯೊಳಗೆ ಮಾತ್ರ, ಅದೂ ನಾವು ತಂದಿಟ್ಟರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂವರೆಯಿಂದ ಐದು ವರ್ಷದ ಮಗುವಿಗೆ ಕೈಗೊಂಬೆ ಮೊದಲು, ಟಿವಿ ಆಮೇಲೆ. ಟಿವಿ ಕೆಟ್ಟದ್ದು ಅಂತಲ್ಲ. ಮಗು ಉತ್ತರ ಹೇಳುವವರೆಗೆ ಯಾರಾದರೂ ಕಾಯಬೇಕು. ಗೊಂಬೆ ಕಾಯುತ್ತದೆ, ಟಿವಿ ಮುಂದೆ ಹೋಗುತ್ತದೆ. ಆದರೆ ಕೆಲವು ಮನೆಗಳಲ್ಲಿ ಟಿವಿಯೇ ಮೊದಲು ಬರಬೇಕು. ಅದನ್ನೂ ಹೇಳುತ್ತೇನೆ.

ಟಿವಿ ಏನು ಕೊಡುತ್ತದೆ

ಟಿವಿಯಿಂದ ಅಕ್ಷರ ಕಲಿಸಬಹುದು ಎಂದು ಜಗತ್ತಿಗೆ ತೋರಿಸಿದ್ದು ಅಮೆರಿಕದ ಸೆಸಮೆ ಸ್ಟ್ರೀಟ್. 1969ರ ನವೆಂಬರ್ 10ಕ್ಕೆ ಶುರುವಾದದ್ದು. ಅಲ್ಲೂ ಅಕ್ಷರ ಹೇಳಿಕೊಟ್ಟದ್ದು ಗೊಂಬೆಗಳೇ, ಜಿಮ್ ಹೆನ್ಸನ್ ಮಾಡಿದ ಮಪೆಟ್‌ಗಳು. ಮೊದಲು ತಜ್ಞರ ಮಾತು ಕೇಳಿ ಬೀದಿಯ ದೃಶ್ಯಗಳಲ್ಲಿ ಬರೀ ಮನುಷ್ಯರನ್ನು ಇಟ್ಟಿದ್ದರು, ಗೊಂಬೆಗಳಿಗೆ ಬೇರೆ ಜಾಗ. ಪ್ರಸಾರಕ್ಕೆ ಮುಂಚೆ ಮಕ್ಕಳಿಗೆ ತೋರಿಸಿ ಪರೀಕ್ಷೆ ಮಾಡಿದರು. ಟಿವಿಯ ಪಕ್ಕದಲ್ಲೇ ಬೇರೆ ಬೇರೆ ಚಿತ್ರ ಬರುವ ಒಂದು ಪರದೆ ಇಟ್ಟು, ಮಗು ಯಾವಾಗ ಟಿವಿಯಿಂದ ಕಣ್ಣು ತೆಗೆಯುತ್ತದೆ ಎಂದು ನೋಡುತ್ತಿದ್ದರು. ಬರೀ ಮನುಷ್ಯರಿದ್ದ ದೃಶ್ಯ ಬಂದಾಗ ಮಕ್ಕಳ ಗಮನ ಹೋಗುತ್ತಿತ್ತು. ಆಗ ಗೊಂಬೆಗಳನ್ನು ಬೀದಿಗೇ ಇಳಿಸಿದರು. ಬಿಗ್ ಬರ್ಡ್ ಎಂಬ ದೊಡ್ಡ ಹಕ್ಕಿ ಗೊಂಬೆ ಹುಟ್ಟಿದ್ದು ಹಾಗೆ. ನಮ್ಮ ದೇಶದ ಗಲ್ಲಿ ಗಲ್ಲಿ ಸಿಮ್ ಸಿಮ್ 2006ರಲ್ಲಿ ಬಂದದ್ದು ಇದೇ ಜಾಡಿನಲ್ಲಿ, ಚಮಕಿ ಎಂಬ ಗೊಂಬೆ ಜೊತೆ. ಅದು ಹಿಂದಿಯದ್ದು.

ಸೆಸಮೆ ಸ್ಟ್ರೀಟ್‌ನ ಆ ಮೊದಲ ಕಾಲದ ಒಂದು ಸಣ್ಣ ತುಣುಕು ನನ್ನ ಪಾಠದ ರೀತಿಯನ್ನೇ ಬದಲಾಯಿಸಿತು. ಜೇಮ್ಸ್ ಅರ್ಲ್ ಜೋನ್ಸ್ ಎಂಬ ನಟ ಅಕ್ಷರಮಾಲೆಯನ್ನು ತುಂಬಾ ನಿಧಾನವಾಗಿ ಹೇಳುತ್ತಾನೆ. ಅಕ್ಷರ ಪರದೆ ಮೇಲೆ ಮೊದಲು ಬರುತ್ತದೆ, ಅವನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಮಕ್ಕಳು ಮೊದಲ ಸಲ ಅವನ ಹಿಂದೆ ಹೇಳಿದರು. ಕೆಲವು ಸಲ ನೋಡಿದ ಮೇಲೆ ಅವನ ಜೊತೆ ಹೇಳಿದರು. ಆಮೇಲೆ ಅವನಿಗಿಂತ ಮುಂಚೆ ಹೇಳಿದರು. ಎಲ್ಲವೂ ಆ ನಡುವಿನ ಮೌನದ ಕೆಲಸ.

1996ರಲ್ಲಿ ಬಂದ ಬ್ಲೂಸ್ ಕ್ಲೂಸ್ ಎಂಬ ಕಾರ್ಯಕ್ರಮ ಇದನ್ನೇ ಇನ್ನೂ ಬೆಳೆಸಿತು. ಪ್ರಶ್ನೆ ಕೇಳಿ ನಿರೂಪಕ ನಿಲ್ಲುತ್ತಿದ್ದ, ಮನೆಯಲ್ಲಿ ಕೂತ ಮಗು ಉತ್ತರ ಕೂಗಲಿ ಎಂದು. ಒಂದೇ ಕಂತನ್ನು ವಾರದಲ್ಲಿ ಐದು ದಿನ ಹಾಕುತ್ತಿದ್ದರು. ನಿಮ್ಮ ಮಗು "ಅದೇ ಹಾಕು" ಅಂತ ಹಟ ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ ಮತ್ತೆ ನೋಡುವುದೇ ಅದರ ಓದು.

ಈಗ ನಮ್ಮ ಫೋನಿನಲ್ಲಿ ಬರುವ ಕನ್ನಡ ಅಕ್ಷರದ ವಿಡಿಯೋಗಳನ್ನು ನೋಡಿ. ಹೆಚ್ಚಿನವು ಓಡುತ್ತವೆ. ತಮಟೆ, ಡ್ರಮ್, ಕುಣಿಯುವ ಆನೆ, ಅಆಇಈ ಒಂದೇ ಉಸಿರಿಗೆ. ಮಗು ಹಾಡು ಕಲಿಯುತ್ತದೆ, ಅಕ್ಷರ ಕಲಿಯುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಇಡೀ ಅಕ್ಷರಮಾಲೆ ರಾಗವಾಗಿ ಹೇಳುವ ಮಗುವಿಗೆ ನಡುವಿನ ಒಂದು 'ಬ' ಬರೆದು ತೋರಿಸಿ. ಅದು ಮತ್ತೆ 'ಅ'ದಿಂದ ಹಾಡಲು ಶುರು ಮಾಡಿದರೆ ಅರ್ಥ ಆಯಿತಲ್ವಾ?

ವಿಡಿಯೋ ಆಯ್ಕೆ ಮಾಡುವಾಗ ನಾನು ಮೊದಲು ಕಣ್ಣು ಮುಚ್ಚಿ ಕೇಳುತ್ತೇನೆ. ಎ ಮತ್ತು ಏ ಬೇರೆ ಬೇರೆ ಕೇಳುತ್ತವೆಯೇ? ಒ ಮತ್ತು ಓ? ಇದು ಮಹಾರಾಷ್ಟ್ರದಲ್ಲಿ ಬೆಳೆಯುವ ಮಕ್ಕಳಿಗೆ ಬಹಳ ಮುಖ್ಯ. ಮರಾಠಿ ಲಿಪಿಯಲ್ಲಿ ಎ‑ಏ ಎಂಬ ಎರಡಿಲ್ಲ, ಒ‑ಓ ಎಂಬ ಎರಡಿಲ್ಲ. ಹಾಗಾಗಿ ನಮ್ಮ ಮಕ್ಕಳು ಎಲೆಯನ್ನು "ಏಲೆ" ಎಂದು ಓದುತ್ತಾರೆ. ಒಲೆ ಮತ್ತು ಓಲೆ ಅವರಿಗೆ ಒಂದೇ. ರಾಗಕ್ಕಾಗಿ ಎಲ್ಲ ಸ್ವರವನ್ನೂ ಎಳೆಯುವ ಹಾಡು ಈ ತಪ್ಪನ್ನು ಗಟ್ಟಿ ಮಾಡುತ್ತದೆ. ಒತ್ತಿದರೆ ಮಾತಾಡುವ ಅಕ್ಷರದ ಹಲಗೆಯೊಂದನ್ನು ನಾನೇ ಆನ್‌ಲೈನ್‌ನಲ್ಲಿ ತರಿಸಿದ್ದೆ. ಎ ಒತ್ತಿದರೂ ಏ, ಏ ಒತ್ತಿದರೂ ಏ. ಳ ಒತ್ತಿದರೆ ಲ. ವಾಪಸ್ ಕಳಿಸಿದೆ. ಕಂಪನಿಯಿಂದ ಇವತ್ತಿನವರೆಗೂ ದುಡ್ಡು ಬಂದಿಲ್ಲ. ದುಡ್ಡಿಗಿಂತ, ಅದನ್ನು ಹತ್ತು ದಿನ ಒತ್ತಿದ ಮಗು ತಪ್ಪು ಕಲಿತದ್ದು ನನಗೆ ನೋವಾಯಿತು.

ಟಿವಿ ಗೆಲ್ಲುವ ಜಾಗವೂ ಇದೆ. ಅಕ್ಷರ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಚಲಿಸುವ ಚಿತ್ರದಷ್ಟು ಒಳ್ಳೆಯದು ಇನ್ನೊಂದಿಲ್ಲ. 'ಕ' ಇದೆ. ತಲಕಟ್ಟು ಹೋಗಿ ಗುಡಿಸು ಬಂದು ಕೂತು 'ಕಿ' ಆಗುತ್ತದೆ. ಬಲಕ್ಕೆ ಕೊಂಬು ಬಂದು ಅಂಟಿಕೊಂಡರೆ 'ಕು'. 'ರ'ದ ಹೊಟ್ಟೆಯಲ್ಲಿ ಚುಕ್ಕಿ ಬಿದ್ದರೆ 'ಠ'. ಇಂಥದ್ದನ್ನು ಕಾಗುಣಿತದ ಪಟ್ಟಿಯಲ್ಲಿ ಓದಿಸುವುದಕ್ಕಿಂತ ಒಂದು ನಿಮಿಷದ ಒಳ್ಳೆಯ ವಿಡಿಯೋ ಮೇಲು. ಬರೆಯುವ ದಾರಿ, ಅಂದರೆ ಎಲ್ಲಿ ಶುರು, ಯಾವ ಕಡೆ ಸುತ್ತು, ಅದೂ ಅಷ್ಟೇ. ಆದ್ದರಿಂದ ಕಾಗುಣಿತ, ಒತ್ತಕ್ಷರದ ಹಂತಕ್ಕೆ ಬಂದಾಗ ಟಿವಿಯನ್ನು ಧಾರಾಳವಾಗಿ ಬಳಸಿ.

ವಯಸ್ಸಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು. ಒಂದು ವರ್ಷದ ಮಗುವಿಗೆ ಬೇಡವೇ ಬೇಡ. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿ ನೋಡಿದರು. ಎದುರಿಗೆ ಕೂತು ಮಾತಾಡಿ ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಹಿಡಿದರು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಹಿಡಿಯಲಿಲ್ಲ. "ನಮ್ಮ ಪಾಪು ಈಗಿನಿಂದಲೇ ಕನ್ನಡ ಕೇಳ್ಲಿ" ಅಂತ ತೊಟ್ಟಿಲ ಮುಂದೆ ಫೋನ್ ಇಡುವವರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ. ನೀವೇ ಮಾತಾಡಿ.

ಕೈಗೊಂಬೆ

ಒಂದು ಉದ್ದದ ಸಾಕ್ಸ್ ಸಾಕು. ಬೆರಳಿನ ತುದಿ ಒಂದು ಕಡೆ, ಹೆಬ್ಬೆರಳು ಒಂದು ಕಡೆ ಬರುವಂತೆ ಕೈ ಹಾಕಿ, ನಡುವೆ ಬಟ್ಟೆಯನ್ನು ಒಳಗೆ ತಳ್ಳಿದರೆ ಬಾಯಿ. ಆ ಬಾಯೊಳಗೆ ಮಡಚಿದ ರಟ್ಟು ಇಟ್ಟು ಹೊಲಿಯಿರಿ, ಆಗ ಬಾಯಿ ಪಟಪಟ ಅಂತ ತೆರೆಯುತ್ತದೆ. ಕಣ್ಣಿಗೆ ಗುಂಡಿ ಹಾಕಬಹುದು. ಮೂರು ವರ್ಷದೊಳಗಿನ ಮಗು ಇದ್ದರೆ ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ದಾರದಲ್ಲೇ ಕಣ್ಣು ಹಾಕಿ. ಒಂದು ಸಂಜೆಯ ಕೆಲಸ. ನಮ್ಮ ಒನ್ ಆರ್‌ಕೆ (ಒಂದು ಕೋಣೆ, ಒಂದು ಅಡುಗೆಮನೆ) ಮನೆಗಳಲ್ಲಿ ಆಟಿಕೆಗೆ ಜಾಗವೇ ಇಲ್ಲ ಅಲ್ವಾ, ಇದು ಚಮಚದ ಡ್ರಾಯರ್‌ನಲ್ಲಿ ಹಿಡಿಸುತ್ತದೆ.

ಕನ್ನಡಕ್ಕೆ ಕೈಗೊಂಬೆ ಯಾಕೆ ಇಷ್ಟು ಹೊಂದುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಇಂಗ್ಲಿಷ್‌ನಲ್ಲಿ 'ಕ್ಯಾಟ್' ಅನ್ನಲು ಬಾಯಿ ಒಂದೇ ಸಲ ತೆರೆಯುತ್ತದೆ, ಅಕ್ಷರ ಮೂರು. ಗೊಂಬೆ ಅದನ್ನು ತೋರಿಸಲಾರದು. ಕನ್ನಡದಲ್ಲಿ 'ಅರಸ' ಅನ್ನಿ. ಅ, ರ, ಸ. ಬಾಯಿ ಮೂರು ಸಲ ತೆರೆಯಿತು, ಬರೆದರೂ ಮೂರೇ ಅಕ್ಷರ. 'ಅಕ್ಕ' ಅಂದರೆ ಎರಡು ಸಲ, ಬರೆದರೆ ಸಾಲಿನಲ್ಲಿ ಎರಡು, ಒತ್ತು ಕೆಳಗೆ ಕೂತಿರುತ್ತದೆ. ಗೊಂಬೆಯ ಬಾಯಿ ಎಣಿಸುವುದೂ ಅಕ್ಷರ ಎಣಿಸುವುದೂ ಒಂದೇ ಲೆಕ್ಕ. ನಾಲ್ಕು ವರ್ಷದ ಮಗು ಇದನ್ನು ಎರಡೇ ದಿನದಲ್ಲಿ ಹಿಡಿಯುತ್ತದೆ. ಎ‑ಏ ಸಮಸ್ಯೆಗೂ ಮದ್ದು ಇಲ್ಲೇ ಇದೆ. 'ಎಲೆ' ಅನ್ನುವಾಗ ಬಾಯಿ ಟಕ್ ಅಂತ ಮುಚ್ಚಲಿ. 'ಏಣಿ' ಅನ್ನುವಾಗ ಬಾಯಿ ತೆರೆದೇ ಇರಲಿ, ಮಗು ಒಳಗೆ ಬೆರಳು ಹಾಕುವಷ್ಟು ಹೊತ್ತು.

ಯಾವ ಅಕ್ಷರದಿಂದ ಶುರು ಮಾಡಬೇಕು? ಅಆಇಈ ಬೇಡ. ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ರ, ಗ, ಸ, ದ, ಅ ಮೊದಲು ಕಲಿಸುತ್ತಾರೆ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭ, ಆಕಾರ ಒಂದಕ್ಕೊಂದು ಹತ್ತಿರ. ಇನ್ನೂ ಮುಖ್ಯವಾದದ್ದು, ಐದೇ ಅಕ್ಷರದಲ್ಲಿ ಪದ ಹುಟ್ಟುತ್ತದೆ: ಸರ, ದರ, ರಸ, ಅಗಸ, ಅರಸ. ಗೊಂಬೆಗೆ ಇದು ಹಬ್ಬ. 'ಸರಸರ' ಎಂದು ಓದಿದರೆ ಗೊಂಬೆ ಹಾವಿನ ಹಾಗೆ ಹರಿಯುತ್ತದೆ. 'ಗರಗರ' ಎಂದರೆ ತಿರುಗುತ್ತದೆ. 'ದರದರ' ಎಂದರೆ ಮಗುವಿನ ಕರ್ಚೀಫನ್ನು ಬಾಯಲ್ಲಿ ಕಚ್ಚಿ ಎಳೆದುಕೊಂಡು ಹೋಗುತ್ತದೆ. ಚೀಟಿಯಲ್ಲಿ ಬರೆದದ್ದನ್ನು ಮಗು ಓದಿ ಹೇಳಿದರೆ ಮಾತ್ರ ಗೊಂಬೆ ಕುಣಿಯಬೇಕು. ಓದಿದ್ದಕ್ಕೆ ಏನೋ ಆಗುತ್ತದೆ ಎಂದು ಮಗುವಿಗೆ ಮೊದಲ ಸಲ ತಿಳಿಯುವುದು ಆಗ.

ನನ್ನ ಗೊಂಬೆಗೆ ಎರಡು ಗುಣ ಇವೆ. ಅದಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮಗು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿದರೆ ಅದು ಕಿವಿ ಆನಿಸಿ ಸುಮ್ನೆ ಕಾಯುತ್ತದೆ. ಬೈಯುವುದಿಲ್ಲ. ನಮ್ಮ ಹತ್ತಿರ ಬೇರೆ ಭಾಷೆ ನಡೆಯುತ್ತದೆ ಎಂದು ಮಕ್ಕಳಿಗೆ ಗೊತ್ತು, ಗೊಂಬೆ ಹತ್ತಿರ ನಡೆಯಲ್ಲ ಎಂದೂ ಗೊತ್ತು. ಇನ್ನೊಂದು, ಅದು ತಪ್ಪು ಓದುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬಳು ಸೇರಿದ್ದಳು, ನಾಲ್ಕೂವರೆ ವರ್ಷ. ಮೂರು ವಾರ ಬಾಯಿಯೇ ಬಿಡಲಿಲ್ಲ. ನಾಲ್ಕನೇ ವಾರ ಗೊಂಬೆ 'ಯ' ಬರೆದ ಚೀಟಿ ನೋಡಿ "ಇದು ಮ. ಮ, ಮ, ಮರ" ಅಂತು. ಅವಳು ತಲೆ ಅಲ್ಲಾಡಿಸಿದಳು. ಗೊಂಬೆ ಹಟ ಹಿಡಿಯಿತು: "ಮ‑ನೇ!" ಅವಳು ಎದ್ದು ಬಂದು, ಗೊಂಬೆಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಚೀಟಿಯ ಕಡೆ ತಿರುಗಿಸಿ, "ಸರಿಯಾಗ್ ನೋಡು. ಯ" ಅಂದಳು. ನನ್ನ ಕೈ ಗೊಂಬೆಯೊಳಗೆ ಇತ್ತು. ಅವಳ ಬೆರಳುಗಳ ಬಿಗಿ ನನಗೆ ಈಗಲೂ ನೆನಪಿದೆ. ಅವಳಿಗೆ ಅಕ್ಷರ ಬರುತ್ತಿತ್ತು, ಹೇಳಲು ಕಾರಣ ಬೇಕಿತ್ತು ಅಷ್ಟೇ.

ಕೈಗೊಂಬೆಯ ಕೊರತೆ ಒಂದೇ, ಆದರೆ ದೊಡ್ಡದು. ಅದರೊಳಗೆ ಒಂದು ಕೈ ಬೇಕು. ಆ ಕೈಗೆ ಕನ್ನಡ ಬರಬೇಕು, ದಿನಕ್ಕೆ ಹತ್ತು ನಿಮಿಷ ಬಿಡುವಿರಬೇಕು.

ನೆರಳಿನ ಗೊಂಬೆ

ಪರದೆ ಮೇಲೆ ನೆರಳು ಬೀಳಿಸಿ ಆಡಿಸುವ ತೊಗಲುಗೊಂಬೆ ನಮ್ಮದೇ ಕಲೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಊರಿಗೆ ಹೋಗುವ ಕೊಂಕಣ ರೈಲಿನ ದಾರಿಯಲ್ಲಿ, ಸಿಂಧುದುರ್ಗದ ಕುಡಾಳ ಹತ್ತಿರ ಪಿಂಗುಳಿ ಇದೆ. ಅಲ್ಲಿನ ಠಾಕರ್ ಸಮುದಾಯದವರು ತೊಗಲುಗೊಂಬೆ, ಸೂತ್ರದ ಗೊಂಬೆ, ಚಿತ್ರಕಥಿ (ಚಿತ್ರ ತೋರಿಸುತ್ತಾ ಕಥೆ ಹೇಳುವುದು) ಉಳಿಸಿಕೊಂಡು ಬಂದಿದ್ದಾರೆ. ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ. ಅವರ ಮನೆಯವರು ಕೊಟ್ಟಿಗೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಗೋವಾದಲ್ಲಿರುವವರಿಗೆ ಇನ್ನೂ ಹತ್ತಿರ. ಕುಂದಾಪುರದ ಕಡೆಯವರಾದರೆ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆ ನೋಡಬಹುದು. ಇವು ಅಕ್ಷರ ಕಲಿಸುವುದಿಲ್ಲ, ಕಲಿಸಬೇಕಾಗಿಯೂ ಇಲ್ಲ. ಮಗುವಿಗೆ ತೋರಿಸಿ, ಆಸೆ ಹುಟ್ಟುತ್ತದೆ.

ಮನೆಯಲ್ಲಿ ಮಾಡುವುದಾದರೆ ರಟ್ಟಿನಲ್ಲಿ ಅಕ್ಷರ ಕತ್ತರಿಸಿ, ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಎರಡು ಎಚ್ಚರ. ಪಂಚೆಯ ಆಚೆ ಕೂತವರಿಗೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ. ಆದ್ದರಿಂದ ನಿಮ್ಮ ಕಡೆಗೆ ಉಲ್ಟಾ ಹಿಡಿಯಬೇಕು. ಮತ್ತೆ, 'ಠ' ಕತ್ತರಿಸಿದರೆ ಒಳಗಿನ ಚುಕ್ಕಿ ಕೆಳಗೆ ಬೀಳುತ್ತದೆ. ಹಳೇ ಪ್ಲಾಸ್ಟಿಕ್ ಫೈಲಿನ ಪಾರದರ್ಶಕ ಹಾಳೆಗೆ ಅಂಟಿಸಿ. ಇದು ಆರು ವರ್ಷ ದಾಟಿದ ಮಕ್ಕಳಿಗೆ ಸರಿ, ಅವರೇ ಕತ್ತರಿಸಬೇಕು. ಕತ್ತರಿ ಸುತ್ತಿದ ಅಕ್ಷರವನ್ನು ಕೈ ಮರೆಯುವುದಿಲ್ಲ. ದಿನಾ ಮಾಡುವ ಕೆಲಸ ಅಲ್ಲ, ತಿಂಗಳಿಗೊಮ್ಮೆ ಸಾಕು.

ನಿಮ್ಮ ಮನೆಗೆ ಯಾವುದು

ಅಜ್ಜಿ ಮನೆಯಲ್ಲಿದ್ದು ಅವರಿಗೆ ಓದಲು ಬಂದರೆ ಯೋಚನೆಯೇ ಬೇಡ, ಗೊಂಬೆ ಅಜ್ಜಿಯ ಕೈಗೆ ಹೋಗಲಿ. ಇಬ್ಬರೂ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮನೆ ಸೇರುವವರಾದರೆ ದಿನಾ ಆಗಲ್ಲ ಅಂತ ಕೈ ಬಿಡಬೇಡಿ. ಊಟ ಮಾಡಿಸುವಾಗ ಐದು ನಿಮಿಷ ಗೊಂಬೆ, ಶನಿವಾರ ಭಾನುವಾರ ಹದಿನೈದು ನಿಮಿಷ ವಿಡಿಯೋ, ಪಕ್ಕದಲ್ಲಿ ಕೂತು. ಪಕ್ಕದಲ್ಲಿ ಕೂರುವುದು ಅಂದರೆ ರಿಮೋಟ್ ಕೈಯಲ್ಲಿ ಹಿಡಿಯುವುದು. ಅಕ್ಷರ ಬಂದ ಕೂಡಲೇ ನಿಲ್ಲಿಸಿ, ಮಗುವಿನ ಮುಖ ನೋಡಿ, ಕಾಯಿರಿ. ವಿಡಿಯೋ ಕಾಯದಿದ್ದರೆ ನೀವು ಕಾಯಿಸಬಹುದು.

ಒಂದೇ ಫೋನ್ ಇರುವ ಮನೆಗಳಿವೆ. ಗೋವಾದ ವಾಸ್ಕೋ, ಝುವಾರಿನಗರದ ಕಡೆ ದುಡಿಯುವ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಅಲ್ಲಿ ಗೊಂಬೆಯೇ ಸರಿ. ಟಿವಿ ಇದ್ದರೆ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬರುತ್ತದೆ. ಅದರಲ್ಲಿ ಅಕ್ಷರ ಪಾಠ ಸಿಗದಿದ್ದರೂ ಕಿವಿಗೆ ಕನ್ನಡ ಬೀಳುತ್ತದೆ. ಟಿವಿಯಲ್ಲಿ ಕನ್ನಡ ಪಾಠ ನಮಗೆ ಹೊಸದೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದ್ದರು. ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲೆ ಮಕ್ಕಳಿಗಾಗಿಯೇ ಕಾರ್ಯಕ್ರಮ. ನಿಮ್ಮ ಮನೆಯ ಹಿರಿಯರು ಆ ಕಡೆಯವರಾದರೆ ಕೇಳಿ ನೋಡಿ.

ಈಗ ಟಿವಿ ಮೊದಲು ಬರಬೇಕಾದ ಮನೆ. ಮುಂಬೈಯಲ್ಲೇ ಹುಟ್ಟಿ ಬೆಳೆದ ಅಪ್ಪ ಅಮ್ಮಂದಿರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನನ್ನ ಕ್ಲಾಸಿನಲ್ಲಿ ಇಂಥವರು ಕಡಿಮೆಯಿಲ್ಲ, ನನ್ನ ಹತ್ತಿರ ಹೇಳಿಕೊಳ್ಳಲು ಸಂಕೋಚ ಪಡುತ್ತಾರೆ. ಸಂಕೋಚ ಬೇಡ. ಕೈಗೆ ಗೊತ್ತಿಲ್ಲದ್ದನ್ನು ಗೊಂಬೆ ಕಲಿಸಲಾರದು ನಿಜ. ಆದ್ದರಿಂದ ಒಂದು ನಿಧಾನದ ವಿಡಿಯೋ ಹುಡುಕಿ, ಮಗುವಿನ ಜೊತೆ ಕೂತು ನೀವೂ ಕಲಿಯಿರಿ. ವಾರಕ್ಕೆ ಐದು ಅಕ್ಷರ. ಆಮೇಲೆ ಗೊಂಬೆ ಹಾಕಿಕೊಳ್ಳಿ. ಠಾಣೆಯ ಒಬ್ಬ ತಂದೆ ಹೀಗೇ ಮಾಡಿದರು. ಅವರ ಗೊಂಬೆ ತಪ್ಪು ಓದುವಾಗ ನಟಿಸುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಮರೆತಿರುತ್ತಿತ್ತು. ಮಗಳು ತಿದ್ದುತ್ತಿದ್ದಳು. ಆರು ತಿಂಗಳಲ್ಲಿ ಇಬ್ಬರೂ ಊರಿನಿಂದ ಬಂದ ಮದುವೆ ಕಾಗದ ಓದಿದರು.

ಓದಲು ಶುರು ಮಾಡಿದ ಆರು ಏಳು ವರ್ಷದ ಮಕ್ಕಳಿಗೆ ಕನ್ನಡ ಹಾಡಿನ ಸಾಲು ಕನ್ನಡದಲ್ಲೇ ಕೆಳಗೆ ಮೂಡುವ ವಿಡಿಯೋ ಹಾಕಿ. ಬ್ರಿಜ್ ಕೊಠಾರಿ ಎಂಬುವರು 1996ರಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ, ದೂರದರ್ಶನದ ಚಿತ್ರಹಾರ್‌ಗೆ ಹಿಂದಿ ಸಾಲು ಹಾಕಿಸಿದ್ದು ಅವರೇ. ಗೊತ್ತಿರುವ ಹಾಡಾದರೆ ಕಣ್ಣು ತಾನಾಗಿ ಸಾಲಿನ ಹಿಂದೆ ಹೋಗುತ್ತದೆ.

ಕೆಲವು ಮಕ್ಕಳು ಗೊಂಬೆಗೆ ಹೆದರುತ್ತಾರೆ. ಆಗ ಒತ್ತಾಯ ಬೇಡ. ಗೊಂಬೆಯನ್ನು ಮಗುವಿನ ಕೈಗೇ ಕೊಡಿ, ನೀವು ಓದುವವರಾಗಿ. ಒಂದು ವಾರ ಹೀಗೆ ಮಾಡಿದರೆ ಹೆದರಿಕೆ ಹೋಗುತ್ತದೆ.

ಕೊನೆಗೆ, ಗೊಂಬೆಯೂ ಟಿವಿಯೂ ಬೇಡದ ಒಂದು ಆಟ. ನಮ್ಮ ಬೀದಿಯಲ್ಲಿ ಕನ್ನಡ ಇಲ್ಲ ಎಂದೆ, ಆದರೆ ನಿಮ್ಮ ಪರ್ಸಿನಲ್ಲಿ ಇದೆ. ನೂರರ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದೆ. ಮೇಲಿನಿಂದ ನಾಲ್ಕನೆಯದು ಕನ್ನಡ: ನೂರು ರೂಪಾಯಿಗಳು. ತುಂಬಾ ಚಿಕ್ಕ ಅಕ್ಷರ. ನಮ್ಮ ಕ್ಲಾಸಿನಲ್ಲಿ ಗೊಂಬೆ ಅದನ್ನು ಮೂಗಿಗೆ ತಾಗಿಸಿಕೊಂಡು "ಇದರಲ್ಲಿ ರ ಎಲ್ಲಿದೆ, ನಂಗೆ ಕಾಣಲ್ಲ" ಅನ್ನುತ್ತದೆ. ಮಕ್ಕಳು ತಲೆಗೆ ತಲೆ ತಾಗಿಸಿ ಬಗ್ಗುತ್ತಾರೆ. 'ರು' ಒಂದು, 'ರೂ' ಒಂದು. ಎರಡನೆಯದನ್ನು ಹುಡುಕಿದವರಿಗೆ ಅವತ್ತು ಗೊಂಬೆ ಹಾಕಿಕೊಳ್ಳುವ ಸರದಿ.